ಬೆಂಕಿ ಮಾತ್ರ ಇಲ್ಲಿಯದು

ಒಮ್ಮೆ ಮೈಸೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದು, ತಂಗಿಯ ಮಗುವಿಗೆಂದು ಮರದ ಗಿಲಕಿಯೊಂದನ್ನು ಕೊಳ್ಳುತ್ತ ನಿಂತಿದ್ದೆ. ಬೆಲೆ ಕೇಳಿದಾಗ ನನ್ನ ಮುಖದಲ್ಲಿ ಏನು ಕಂಡಿತೋ, ಅಂಗಡಿಯ ಹಿರಿಯರು ನಕ್ಕು, "ಇದು ಸುಮ್ಮನೆ ಬಂದ ವಿದ್ಯೆಯಲ್ಲ ಸ್ವಾಮಿ. ನಮ್ಮ ಬಾವಾಸ್ ಮಿಯಾನ್ ಸಾಹೇಬರು ಜಪಾನಿಗೆ ಹೋಗಿ ಕಲಿತುಬಂದದ್ದು" ಎಂದರು. ಅರಗಿನ ಬಣ್ಣದ ಈ ಗೊಂಬೆಗಳಿಗೆ ಟಿಪ್ಪುವಿನ ಕಾಲದಿಂದ ಆಶ್ರಯವಿತ್ತೆಂದೂ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಾವಾಸ್ ಮಿಯಾನರು ಜಪಾನಿನಿಂದ ತಂದ ಹೊಸ ರೀತಿಗಳಿಂದ ಕಸುಬು ಮತ್ತೆ ಚಿಗುರಿತೆಂದೂ ಆ ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಗಿಲಕಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟವನಿಗೆ ದಾರಿಯುದ್ದಕ್ಕೂ ಒಂದೇ ಯೋಚನೆ. ನಮ್ಮೂರಿನದೆಂದು ನಾವು ಮೆರೆಸುವ ಕಸುಬಿಗೆ ಜಪಾನಿನ ನಂಟು ಇರುವುದಾದರೆ, ಜಪಾನಿನವರು ತಮ್ಮ ಊರುಗಳದೆಂದು ಮೆರೆಸುವ ಕಸುಬುಗಳ ತವರು ಯಾವುದು? ಪಾಠ ಪ್ರವಚನಗಳ ನಡುವೆ ಬಿಡುವಾದಾಗಲೆಲ್ಲ ಆ ಪ್ರಶ್ನೆಯ ಬೆನ್ನು ಹತ್ತಿದೆ. ದೊರೆತ ಉತ್ತರ ನಾನೆಣಿಸಿದಷ್ಟು ಸರಳವಾಗಿರಲಿಲ್ಲ. ಅದನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿ ಈ ಬರಹ.

ಜಪಾನಿನಲ್ಲಿ ಕೈಕಸುಬಿಗೆ ಊರಿನ ಹೆಸರೇ ಮನೆತನದ ಹೆಸರು. ನಾವು ಇಳಕಲ್ಲಿನ ಸೀರೆ, ಕಿನ್ನಾಳದ ಗೊಂಬೆ ಎನ್ನುವಂತೆ ಅವರು ಎಚಿಜೆನ್ನಿನ ಕಾಗದ, ಅರಿತಾದ ಪಿಂಗಾಣಿ, ವಾಜಿಮಾದ ಮೆರುಗುಪಾತ್ರೆ ಎನ್ನುತ್ತಾರೆ. ಎರಡನೆಯ ಮಹಾಯುದ್ಧದ ಅನಂತರ ಕಾರ್ಖಾನೆಗಳು ಹೆಚ್ಚಿ, ಪ್ಲಾಸ್ಟಿಕ್ಕು ಅಡಿಗೆಮನೆಯನ್ನು ಹೊಕ್ಕು, ಹಳ್ಳಿಯ ಹುಡುಗರು ಪಟ್ಟಣಕ್ಕೆ ಗುಳೆ ಹೋದಾಗ ಈ ಕಸುಬುಗಳು ನಂದಿಹೋದಾವೆಂಬ ಭಯ ಹುಟ್ಟಿತು. ಆಗ, 1974ರಲ್ಲಿ, ಅಲ್ಲಿನ ಸರ್ಕಾರ ಒಂದು ಕಾನೂನು ತಂದಿತು. ವಸ್ತು ದಿನಬಳಕೆಯದಾಗಿರಬೇಕು, ಅದರ ಮುಖ್ಯ ಕೆಲಸ ಕೈಯಿಂದಲೇ ನಡೆಯಬೇಕು, ಮಾಡುವ ರೀತಿಗೂ ಬಳಸುವ ಸಾಮಗ್ರಿಗೂ ಸುಮಾರು ನೂರು ವರ್ಷಗಳ ಪರಂಪರೆ ಇರಬೇಕು, ಮಾಡುವವರು ಒಂದು ಸೀಮೆಯಲ್ಲಿ ನೆಲೆಯೂರಿದ ಸಮುದಾಯವಾಗಿರಬೇಕು. ಇಷ್ಟಿದ್ದರೆ ಸರ್ಕಾರದ ಮನ್ನಣೆ. ಈಗ 240ಕ್ಕೂ ಹೆಚ್ಚು ಕಸುಬುಗಳು ಆ ಪಟ್ಟಿಯಲ್ಲಿವೆ. ನೂರು ವರ್ಷ ನೆಲೆನಿಂತಿದೆಯೇ ಎಂದು ಕಾನೂನು ಕೇಳುತ್ತದೆ. ನೆಲೆನಿಂತವರು ಮೊದಲು ಎಲ್ಲಿಂದ ಬಂದರು, ಹೇಗೆ ಬಂದರು ಎಂಬುದು ಚರಿತ್ರೆಯ ಪ್ರಶ್ನೆ.

ಮೊದಲು ಎಚಿಜೆನ್ನಿನ ಕಾಗದದ ಕಥೆ ನೋಡೋಣ. ಇಂದಿನ ಫುಕುಯಿ ಪ್ರಾಂತದ ಒಂದು ಕಣಿವೆ ಅದು. ಸುಮಾರು 1500 ವರ್ಷಗಳ ಹಿಂದೆ ಆ ಹೊಳೆಯ ಮೇಲುಭಾಗದಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡಳಂತೆ. ಈ ಕಣಿವೆಯಲ್ಲಿ ಗದ್ದೆ ಕಡಿಮೆ, ಆದರೆ ನೀರು ತಿಳಿಯಾಗಿದೆ, ಕಾಗದ ಮಾಡಿ ಬದುಕಿಕೊಳ್ಳಿ ಎಂದು ಹೇಳಿ, ತಾನು ತೊಟ್ಟಿದ್ದ ಮೇಲುಡುಗೆಯನ್ನು ಕೊಂಬೆಗೆ ನೇತುಹಾಕಿ, ಕಾಗದ ಮಾಡುವುದನ್ನು ಕಲಿಸಿ ಮಾಯವಾದಳಂತೆ. ಹೆಸರು ಕೇಳಿದವರಿಗೆ ಹೊಳೆಯ ಮೇಲ್ಗಡೆಯವಳು ಎಂದಷ್ಟೇ ಹೇಳಿದಳು. ಅವಳೇ ಕವಕಾಮಿ ಗೋಜೆನ್, ಕಾಗದದ ದೇವಿ. ಅವಳ ಗುಡಿ ಈಗಲೂ ಅಲ್ಲಿದೆ. ಊರವರು ಈಗಲೂ ಹಬ್ಬ ಮಾಡುತ್ತಾರೆ. ಐತಿಹ್ಯವನ್ನು ಬಿಡಿಸಿ ನೋಡಿದರೆ ಒಳಗಿರುವುದು ಹೊಟ್ಟೆಯ ಪ್ರಶ್ನೆ. ಅನ್ನ ಕೊಡದ ನೆಲ ಕಸುಬನ್ನು ಕೊಟ್ಟಿತು. ಕಾಡಿನ ಕೋಜೊ ಗಿಡದ ತೊಗಟೆಯನ್ನು ಬೇಯಿಸಿ, ಜಜ್ಜಿ, ನಾರು ನಾರಾಗಿಸಿ, ಒಂದು ಬಗೆಯ ಗಿಡದ ಬೇರಿನ ಲೋಳೆಯೊಡನೆ ತಣ್ಣೀರಿನಲ್ಲಿ ಕದಡಿ, ಬಿದಿರ ಕಡ್ಡಿಯ ಜಾಲರಿಯಲ್ಲಿ ಎತ್ತಿದರೆ ಹಾಳೆ. ಲೋಳೆ ಬೇಸಿಗೆಯಲ್ಲಿ ಬೇಗ ಕೆಡುತ್ತದೆ, ಚಳಿಯಲ್ಲಿ ಕೆಡುವುದಿಲ್ಲ. ಆದ್ದರಿಂದ ಕೈ ಮರಗಟ್ಟುವ ಚಳಿಗಾಲವೇ ಒಳ್ಳೆಯ ಕಾಗದದ ಕಾಲ. 1868ರಲ್ಲಿ ಮೆಯ್ಜಿ ಸರ್ಕಾರ ಮೊಟ್ಟಮೊದಲು ದೇಶಕ್ಕೆಲ್ಲ ಒಂದೇ ಕಾಗದದ ಹಣವನ್ನು ಹೊರಡಿಸಿದಾಗ ಅದಕ್ಕೆ ಬಳಸಿದ್ದು ಎಚಿಜೆನ್ನಿನ ಕಾಗದ. ಗದ್ದೆಯಿಲ್ಲದ ಕಣಿವೆಯ ಹಾಳೆ ದೇಶದ ನಾಣ್ಯವಾಯಿತು.

ಹಿಮವೇ ಕಸುಬಿನ ಯಜಮಾನನಾದ ಸೀಮೆಯೂ ಒಂದುಂಟು. ಎಚಿಗೊ ಎಂದು ಹಳೆಯ ಹೆಸರು, ಇಂದಿನ ನೀಗಾತಾ ಪ್ರಾಂತ. ವರ್ಷದ ನಾಲ್ಕೈದು ತಿಂಗಳು ಆಳೆತ್ತರದ ಹಿಮ ಬಿದ್ದು ಹೊಲದ ಕೆಲಸವೆಲ್ಲ ನಿಂತುಹೋಗುತ್ತಿತ್ತು. ಆಗ ಹೆಂಗಸರು ಕರಾಮುಶಿ ಎಂಬ ಗಿಡದ ನಾರನ್ನು ಉಗುರಿನಿಂದ ಕೂದಲೆಳೆಯಂತೆ ಸೀಳಿ, ಎಳೆಗೆ ಎಳೆ ಹೊಸೆದು, ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ನೇಯುತ್ತಿದ್ದರು. ಒಣಗಾಳಿಗೆ ಆ ಎಳೆ ಪಟ್ಟನೆ ಹರಿಯುತ್ತದೆ. ಹಿಮದ ತೇವದಲ್ಲಿ ಮೃದುವಾಗಿ ನಿಲ್ಲುತ್ತದೆ. ನೇಯ್ದ ಬಟ್ಟೆಯನ್ನು ಚಳಿಗಾಲದ ಕೊನೆಯ ಬಿಸಿಲಿನಲ್ಲಿ ಹಿಮದ ಮೇಲೆಯೇ ಹಾಸಿ ಬಿಳುಪು ಮಾಡುತ್ತಿದ್ದರು. ಚಳಿಯಲ್ಲಿ ಹುಟ್ಟಿದ ಈ ಬಟ್ಟೆಯನ್ನು ಉಡುವುದು ಮಾತ್ರ ಬೇಸಿಗೆಯಲ್ಲಿ, ಪಟ್ಟಣದ ಶ್ರೀಮಂತರು. ಆ ಸೀಮೆಯ ವರ್ತಕ ಸುಜುಕಿ ಬೊಕುಶಿ 1837ರಲ್ಲಿ ಅಚ್ಚಾದ ತನ್ನ 'ಹೊಕುಎತ್ಸು ಸೆಪ್ಪು' ಎಂಬ ಗ್ರಂಥದಲ್ಲಿ ಇದನ್ನೆಲ್ಲ ವಿವರವಾಗಿ ಬರೆದಿದ್ದಾನೆ. ಅದರಲ್ಲೇ ಒಬ್ಬ ಹುಡುಗಿಯ ಕಥೆಯೂ ಇದೆ. ಉತ್ತಮ ದರ್ಜೆಯ ಬಟ್ಟೆಗೆ ಮೊದಲ ಬಾರಿ ಅವಳಿಗೆ ಬೇಡಿಕೆ ಬಂದಿತು. ಹೆಸರು ಬಂದೀತೆಂದು ಜೀವ ತೇದು ನೇಯ್ದಳು. ಬಿಳುಪಾಗಿ ಮನೆಗೆ ಬಂದ ಬಟ್ಟೆಯಲ್ಲಿ ಒಂದು ಕಲೆ ಕಂಡು ಅವಳಿಗೆ ಬುದ್ಧಿಭ್ರಮಣೆಯಾಯಿತು. 2009ರಲ್ಲಿ ಯುನೆಸ್ಕೊ ಸಂಸ್ಥೆ ಈ ನೇಯ್ಗೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಹುಡುಗಿ. ಕಸುಬಿನ ಚೆಲುವನ್ನು ಹೊಗಳುವಾಗ ಅದರ ಬೆಲೆ ತೆತ್ತವರನ್ನು ಮರೆಯಬಾರದಲ್ಲ!

ಎಚಿಜೆನ್, ಎಚಿಗೊ ಎರಡರಲ್ಲೂ ಕಸುಬಿನ ಬೇರು ಅಲ್ಲಿನ ನೀರಿನಲ್ಲಿ, ಹಿಮದಲ್ಲಿ, ಬಡತನದಲ್ಲಿ ಇದೆ ಎನ್ನಬಹುದು. ಆದರೆ ನೆಲಕ್ಕೆ ಅಂಟಿಕೊಳ್ಳದೆ ಅಲೆದವರಿಂದ ಬೆಳೆದ ಕಸುಬೂ ಉಂಟು. ಮರವನ್ನು ತಿರುಗಿಸಿ ಬಟ್ಟಲು, ತಟ್ಟೆಗಳನ್ನು ಕಡೆಯುವವರಿಗೆ ಅಲ್ಲಿ ಕಿಜಿಶಿ ಎಂದು ಹೆಸರು. ಒಬ್ಬ ಹಗ್ಗ ಎಳೆದು ಅಚ್ಚನ್ನು ತಿರುಗಿಸಬೇಕು, ಇನ್ನೊಬ್ಬ ಉಳಿ ಹಿಡಿಯಬೇಕು. ಸಾಮಾನ್ಯವಾಗಿ ಗಂಡ ಹೆಂಡತಿಯ ಜೋಡಿ. ಒಂದು ಬೆಟ್ಟದಲ್ಲಿ ತಕ್ಕ ಮರ ಮುಗಿದರೆ ಸಂಸಾರ ಸಮೇತ ಮುಂದಿನ ಬೆಟ್ಟಕ್ಕೆ. ಇವರಿಗೊಂದು ಕುಲಕಥೆಯಿದೆ. ಒಂಬತ್ತನೆಯ ಶತಮಾನದಲ್ಲಿ ಮೊಂಟೊಕು ಚಕ್ರವರ್ತಿಯ ಹಿರಿಯ ಮಗ ಕೊರೆತಾಕನಿಗೆ ಪಟ್ಟ ತಪ್ಪಿ, ತಮ್ಮನಿಗೆ ಸಿಕ್ಕಿತು. ಇದು ಚರಿತ್ರೆ. ಮನನೊಂದ ರಾಜಕುಮಾರ ಓಮಿ ಸೀಮೆಯ ಬೆಟ್ಟ ಸೇರಿ, ಮರ ಕಡೆಯುವ ತಿರುಗಣಿಯನ್ನು ಕಂಡುಹಿಡಿದು ಬೆಟ್ಟದವರಿಗೆ ಕಲಿಸಿದನೆಂಬುದು ಕಥೆ. ಅವನ ಹೆಸರಿನಲ್ಲಿ, ದೇಶದ ಯಾವ ಬೆಟ್ಟದಲ್ಲಾದರೂ ಮರ ಕಡಿಯಲು ಅಪ್ಪಣೆಯಿದೆಯೆನ್ನುವ ಪತ್ರಗಳನ್ನು ಕಿಜಿಶಿಗಳು ಇಟ್ಟುಕೊಂಡಿರುತ್ತಿದ್ದರು. ಅವು ಖೋಟಾ ಎಂದು ವಿದ್ವಾಂಸರ ತೀರ್ಮಾನ. ಇರಬಹುದು. ಊರಿಲ್ಲದವನಿಗೆ ಊರವರ ಎದುರು ನಿಲ್ಲಲು ಒಂದು ಕಾಗದದ ಆಸರೆಯಾದರೂ ಬೇಡವೇ?

ಹೀಗೆ ಅಲೆದ ಮರಗಡೆಯುವವರಲ್ಲಿ ಕೆಲವರು ಜಪಾನಿನ ಈಶಾನ್ಯದ ತೊಹೊಕು ಸೀಮೆಯಲ್ಲಿ, ಬಿಸಿನೀರಿನ ಬುಗ್ಗೆಗಳ ಸುತ್ತಣ ಹಳ್ಳಿಗಳಲ್ಲಿ ನೆಲೆನಿಂತರು. ಸುಗ್ಗಿ ಮುಗಿಸಿ ಮೈಕೈ ನೋವು ಕಳೆಯಲು ರೈತರು ಅಲ್ಲಿಗೆ ಬರುತ್ತಿದ್ದರು. ಹಿಂದಿರುಗುವಾಗ ಮಕ್ಕಳಿಗೆ ಏನಾದರೂ ಒಯ್ಯಬೇಕಲ್ಲ! ಬಟ್ಟಲು ಕಡೆಯುವ ಕೈ ಗೊಂಬೆ ಕಡೆಯಿತು. ಅದೇ ಕೊಕೆಶಿ: ಕೈಯಿಲ್ಲ, ಕಾಲಿಲ್ಲ, ದುಂಡು ತಲೆ, ಕಂಬದಂಥ ಮೈ, ಮೈಮೇಲೆ ನಾಲ್ಕು ಗೆರೆಯ ಹೂ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಈ ಗೊಂಬೆ ಹುಟ್ಟಿತೆನ್ನುತ್ತಾರೆ. ಒಂದೊಂದು ಹಳ್ಳಿಗೆ ಒಂದೊಂದು ಮುಖ. ನರುಕೊ ಎಂಬಲ್ಲಿಯ ಗೊಂಬೆಯ ತಲೆ ತಿರುಗಿಸಿದರೆ ಕುಯ್ ಎಂದು ಸದ್ದು ಮಾಡುತ್ತದೆ. ಚನ್ನಪಟ್ಟಣದ ಗೊಂಬೆಯನ್ನು ಇದರ ಪಕ್ಕದಲ್ಲಿಟ್ಟರೆ ದಾಯಾದಿಗಳಂತೆ ತೋರುತ್ತವೆ. ಆದರೆ ನಮ್ಮವರು ಹಾಲೆ ಮರವನ್ನು ಕಡೆದು, ತಿರುಗುವ ಗೊಂಬೆಗೆ ಅರಗಿನ ಕಡ್ಡಿಯನ್ನು ಒತ್ತಿ ಬಣ್ಣ ಏರಿಸುತ್ತಾರೆ. ಅರಗು ಹುಳುವಿನಿಂದ ಬಂದದ್ದು. ಜಪಾನಿನ ಪ್ರಸಿದ್ಧ ಮೆರುಗು ಉರುಷಿ ಮರದ ಹಾಲಿನದು. ಇಂಗ್ಲಿಷಿನವರು ಎರಡನ್ನೂ ಹೆಚ್ಚುಕಡಿಮೆ ಒಂದೇ ಹೆಸರಿನಿಂದ ಕರೆದು ಗೊಂದಲ ಮಾಡಿದ್ದಾರೆ. ವಿದ್ಯೆ ಕಡಲು ದಾಟಿದರೂ ಅದು ಊರುವುದು ಆಯಾ ನೆಲದ ಮರದಲ್ಲಿ, ಆಯಾ ನೆಲದ ಅಂಟಿನಲ್ಲಿ.

ಇಲ್ಲಿಯವರೆಗೆ ಹೇಳಿದ್ದು ಹಸಿವು ಹುಟ್ಟಿಸಿದ ಕಸುಬುಗಳ ಮಾತು. ಇನ್ನು ಕತ್ತಿಯ ಮೊನೆಯಲ್ಲಿ ಬಂದ ಕಸುಬಿನ ಮಾತು.

1592ರಲ್ಲಿ ಟೊಯೊಟೊಮಿ ಹಿದೆಯೋಶಿ ಕೊರಿಯಾದ ಮೇಲೆ ದಂಡು ಕಳುಹಿಸಿದ. ನಡುವೆ ನಿಂತು ಮತ್ತೆ ಹೊತ್ತಿದ ಆ ಯುದ್ಧ 1598ರಲ್ಲಿ ಅವನ ಸಾವಿನೊಡನೆ ಮುಗಿಯಿತು. ಜಪಾನಿಗೆ ಕೊರಿಯಾದ ಒಂದು ಅಂಗುಲ ನೆಲವೂ ದಕ್ಕಲಿಲ್ಲ. ಆದರೆ ದಂಡಿನ ನಾಯಕರು ಬರಿಗೈಯಲ್ಲಿ ಮರಳಲಿಲ್ಲ. ಸತ್ತವರ ಮೂಗುಗಳನ್ನು ಕೊಯ್ದು ತಂದು ಹೂತ ದಿಬ್ಬ ಕ್ಯೋಟೊ ನಗರದಲ್ಲಿ ಇಂದಿಗೂ ಇದೆ. ಬದುಕಿದ್ದವರಲ್ಲಿ ಕುಂಬಾರರನ್ನು ಸೆರೆಹಿಡಿದು ಹಡಗಿಗೆ ಏರಿಸಿದರು. ಕುಂಬಾರರೇ ಏಕೆ? ಆ ಕಾಲದಲ್ಲಿ ಜಪಾನಿನ ಪಾಳೆಯಗಾರರಿಗೆ ಚಹದ ಗೋಷ್ಠಿಯ ಗೀಳು ಹಿಡಿದಿತ್ತು. ಕೊರಿಯಾದ ಸಾಮಾನ್ಯ ಬಟ್ಟಲುಗಳು ಅವರ ಕಣ್ಣಿಗೆ ರತ್ನಗಳಂತೆ ಕಂಡವು. ಬಟ್ಟಲಿನ ಮೇಲೆ ಆಸೆಪಟ್ಟವರು ಬಟ್ಟಲು ಮಾಡುವ ಕೈಗಳನ್ನೇ ಹೊತ್ತು ತಂದರು. ಜಪಾನಿನಲ್ಲಿಯೇ ಕೆಲವರು ಇದನ್ನು ಮಡಕೆಗಳ ಯುದ್ಧ ಎನ್ನುವುದುಂಟು.

ನಬೆಶಿಮಾ ಪಾಳೆಯಗಾರನ ದಂಡಿನೊಡನೆ ಕ್ಯೂಷು ದ್ವೀಪಕ್ಕೆ ಬಂದವರಲ್ಲಿ ಯಿ ಸಾಮ್‌ಪ್ಯೊಂಗ್ ಎಂಬ ಕುಂಬಾರನಿದ್ದ. ಅವನು ತಕ್ಕ ಮಣ್ಣನ್ನು ಹುಡುಕುತ್ತ ಅಲೆದು, 1616ರ ಸುಮಾರಿಗೆ ಅರಿತಾ ಬಳಿಯ ಇಜುಮಿಯಾಮಾ ಗುಡ್ಡದಲ್ಲಿ ಪಿಂಗಾಣಿಗೆ ಒದಗುವ ಬಿಳಿಕಲ್ಲನ್ನು ಕಂಡನೆಂದು ಪ್ರತೀತಿ. ಜಪಾನಿನ ಪಿಂಗಾಣಿ ಹುಟ್ಟಿದ್ದು ಅಲ್ಲಿ. ನೋಡನೋಡುತ್ತ ಅರಿತಾದಲ್ಲಿ ಆವಿಗೆಗಳು ತುಂಬಿದವು, ಕಾಡು ಬರಿದಾಯಿತು. 1637ರಲ್ಲಿ ಪಾಳೆಯಗಾರ ಆವಿಗೆಗಳ ಸಂಖ್ಯೆಯನ್ನು ಇಳಿಸಿ 826 ಮಂದಿ ಜಪಾನಿ ಕುಂಬಾರರನ್ನು ಹೊರಹಾಕಿದ, ಕೊರಿಯಾದವರನ್ನು ಉಳಿಸಿಕೊಂಡ. ಚರಿತ್ರೆಯ ವಿನೋದ ನೋಡಿ: ಪರದೇಶಿಗಳಿಗೆ ಊರು, ಊರವರಿಗೆ ಗಡಿಪಾರು! ಮುಂದೆ ಚೀನದಲ್ಲಿ ಮಿಂಗ್ ವಂಶ ಕುಸಿದು ಅಲ್ಲಿಂದ ಪಿಂಗಾಣಿ ಬರುವುದು ನಿಂತಾಗ ಡಚ್ಚರ ಕಂಪನಿ ಅರಿತಾದ ಕಡೆ ತಿರುಗಿತು. 1659ರಲ್ಲಿ ಅವರು ಒಂದೇ ಬಾರಿಗೆ ಕೇಳಿದ್ದು 50,000ಕ್ಕೂ ಹೆಚ್ಚು ಪಾತ್ರೆಗಳನ್ನು. ಸರಕು ಹಡಗೇರಿದ್ದು ಇಮಾರಿ ಬಂದರಿನಲ್ಲಿ. ಆದ್ದರಿಂದ ಯೂರೋಪಿನ ಅರಮನೆಗಳಲ್ಲಿ ಅದರ ಹೆಸರು ಇಮಾರಿ. ಮಣ್ಣು ಹುಡುಕಿದವನ ಹೆಸರೂ ಇಲ್ಲ, ಸುಟ್ಟ ಊರಿನ ಹೆಸರೂ ಇಲ್ಲ, ಹೊರೆ ಇಳಿಸಿದ ಬಂದರಿಗೆ ಕೀರ್ತಿ.

ಅರಿತಾದವರು ಮಾತ್ರ ಅವನನ್ನು ಮರೆಯಲಿಲ್ಲ. ಊರ ಗುಡ್ಡದ ಮೇಲೆ ತೊಜಾನ್ ಎಂಬ ಗುಡಿಯಿದೆ. ಅದರ ತೋರಣಗಂಬವೂ ಪಿಂಗಾಣಿಯದೇ. ಅಲ್ಲಿ ಓಜಿನ್ ಚಕ್ರವರ್ತಿಯ ಜೊತೆಗೆ ಇನ್ನಿಬ್ಬರಿಗೂ ಪೂಜೆ ಸಲ್ಲುತ್ತದೆ. ಒಬ್ಬ ಸೆರೆತಂದ ದಂಡಿನ ಒಡೆಯ ನಬೆಶಿಮಾ ನವೋಶಿಗೆ. ಇನ್ನೊಬ್ಬ ಸೆರೆಯಾಗಿ ಬಂದ ಯಿ ಸಾಮ್‌ಪ್ಯೊಂಗ್. ಹಿಡಿದವನಿಗೂ ಹಿಡಿತಕ್ಕೆ ಸಿಕ್ಕವನಿಗೂ ಒಂದೇ ಗರ್ಭಗುಡಿ! ಇದನ್ನು ಕೃತಜ್ಞತೆ ಎನ್ನಬೇಕೋ, ಹಳೆಯ ಗಾಯಕ್ಕೆ ಹಚ್ಚಿದ ಗಂಧ ಎನ್ನಬೇಕೋ ನನಗೆ ತಿಳಿಯದು.

ಅದೇ 1598ರಲ್ಲಿ ಸತ್ಸುಮಾದ ಶಿಮಾಜು ಪಾಳೆಯಗಾರ ತನ್ನ ಪಾಲಿನ ಸುಮಾರು 80 ಕೊರಿಯನ್ನರನ್ನು ಕರೆತಂದ. ಅವರಲ್ಲಿ ಹಲವರು ನಯೆಶಿರೊಗವಾ ಎಂಬ ಹಳ್ಳಿಯಲ್ಲಿ ಬೀಡುಬಿಟ್ಟರು. ಈಗ ಅದಕ್ಕೆ ಮಿಯಾಮಾ ಎಂದು ಹೆಸರು. ಮೊದಮೊದಲು ಅವರು ಮಾಡಿದ ಬಟ್ಟಲುಗಳಿಗೆ ಜಪಾನೀ ಭಾಷೆಯಲ್ಲಿ 'ಹಿಬಕರಿ' ಎನ್ನುತ್ತಾರೆ. 'ಬೆಂಕಿ ಮಾತ್ರ' ಎಂದು ಅದರ ಅರ್ಥ. ಮಣ್ಣು ಕೊರಿಯಾದ್ದು, ಮೆರುಗು ಕೊರಿಯಾದ್ದು, ಕೈ ಕೊರಿಯಾದ್ದು. ಸುಟ್ಟ ಬೆಂಕಿ ಮಾತ್ರ ಇಲ್ಲಿಯದು. ಎರಡೇ ಮಾತಿನಲ್ಲಿ ಒಂದು ಕಸುಬಿನ ಜಾತಕವನ್ನೇ ಬರೆದಿಟ್ಟ ಹೆಸರು ಇದು. ತಂದ ಮಣ್ಣು ಮುಗಿದ ಮೇಲೆ ಅವರು ಸತ್ಸುಮಾದ ಬೆಟ್ಟಗಳಲ್ಲಿ ಮಣ್ಣು ಹುಡುಕಿದರು. ಬಿಳಿ ಮಣ್ಣಿನ ಪಾತ್ರೆಗಳು ಒಡೆಯನಿಗೆ, ಕಪ್ಪು ಮಣ್ಣಿನವು ಸಾಮಾನ್ಯ ಜನರಿಗೆ ಎಂದಾಯಿತು.

ಪಾಳೆಯಗಾರ ಅವರಿಗೆ ಭೂಮಿ ಕೊಟ್ಟ, ಮರ್ಯಾದೆ ಕೊಟ್ಟ. ಆದರೆ ಜಪಾನೀ ಹೆಸರಿಟ್ಟುಕೊಳ್ಳಲು ಬಿಡಲಿಲ್ಲ. ಕೊರಿಯಾದ ಹೆಸರು, ಉಡುಪು, ಭಾಷೆಯನ್ನು ಕಾಪಾಡಿಕೊಂಡೇ ಇರಬೇಕೆಂದು ಕಟ್ಟಳೆ. ದಾರಿತಪ್ಪಿ ಬಂದ ಕೊರಿಯಾದ ಹಡಗುಗಳೊಡನೆ ಮಾತನಾಡಲು ದುಭಾಷಿಗಳು ಬೇಕಾಗಿತ್ತಲ್ಲ! ಅವರ ಕುಲದೇವರು ಕೊರಿಯಾದ ಮೂಲಪುರುಷ ದಾನ್‌ಗುನ್. ಗುಡ್ಡದ ಗುಡಿಯಲ್ಲಿ ತಾಯ್ನುಡಿಯ ಹಾಡಿನಿಂದ ಅವನನ್ನು ಪೂಜಿಸುತ್ತಿದ್ದರು. ಮೆಯ್ಜಿ ಕ್ರಾಂತಿಯಾಗಿ ಪಾಳೆಯಪಟ್ಟುಗಳು ಹೋದಾಗ ಆಶ್ರಯವೂ ಹೋಯಿತು. ಹನ್ನೆರಡನೆಯ ತಲೆಮಾರಿನ ಚಿನ್ ಜುಕನ್ 1873ರ ವಿಯೆನ್ನಾ ಪ್ರದರ್ಶನಕ್ಕೆ ಕಳುಹಿಸಿದ ದೊಡ್ಡ ಹೂಜಿಗಳಿಂದ ಸತ್ಸುಮಾ ಪಾತ್ರೆಯ ಹೆಸರು ಲೋಕಕ್ಕೆಲ್ಲ ಹಬ್ಬಿತು. ಊರೊಳಗೆ ಮಾತ್ರ, ಇಷ್ಟು ಕಾಲ ಕಾಪಾಡಿಕೊಳ್ಳಬೇಕಾಗಿದ್ದ ಕೊರಿಯಾದ ಹೆಸರೇ ಈಗ ಅವಮಾನದ ಗುರುತಾಯಿತು. 1882ರಲ್ಲಿ ಆ ಹಳ್ಳಿಯಲ್ಲಿ ಪಾಕ್ ಮನೆತನದಲ್ಲಿ ಒಂದು ಮಗು ಹುಟ್ಟಿತು. ನಾಲ್ಕು ವರ್ಷಗಳ ಮೇಲೆ ತಂದೆ ಟೊಗೊ ಎಂಬ ಜಪಾನೀ ಮನೆತನದ ಹೆಸರನ್ನು ಹಣಕೊಟ್ಟು ಪಡೆದ. ಆ ಮಗುವೇ ಟೊಗೊ ಶಿಗೆನೋರಿ: 1941ರಲ್ಲಿ ಯುದ್ಧ ಹೂಡುವಾಗಲೂ 1945ರಲ್ಲಿ ಅದನ್ನು ಮುಗಿಸುವಾಗಲೂ ಜಪಾನಿನ ವಿದೇಶಾಂಗ ಮಂತ್ರಿ. ಯುದ್ಧ ನಿಲ್ಲಿಸಲು ಸಂಪುಟದಲ್ಲಿ ವಾದಿಸಿದವನು. ಟೋಕಿಯೊ ವಿಚಾರಣೆಯಲ್ಲಿ 20 ವರ್ಷಗಳ ಶಿಕ್ಷೆಯಾಗಿ 1950ರಲ್ಲಿ ಬಂಧನದಲ್ಲಿಯೇ ಸತ್ತ. ಸೆರೆಯಾಗಿ ಬಂದವರ ವಂಶದವನು, ಸೆರೆತಂದ ದೇಶದ ಹೆಸರಿನಲ್ಲಿ ಸೆರೆಯಾಳಾಗಿ ಮಡಿದ.

ಇಂಥ ಚರಿತ್ರೆಯನ್ನು ಜಪಾನಿನವರೇ ಎತ್ತಿ ಆಡಿದ್ದುಂಟೇ ಎಂದು ಕೇಳಬಹುದು. ಯಾನಗಿ ಸೋಎತ್ಸು ಎಂಬ ವಿಚಾರವಂತನ ಕಣ್ಣು ತೆರೆಸಿದ್ದು ಕೊರಿಯಾದ ಮಡಕೆಯೇ. ಹೆಸರಿಲ್ಲದ ಕುಶಲಕರ್ಮಿ ದಿನಬಳಕೆಗೆಂದು ಮಾಡಿದ ವಸ್ತುವಿನಲ್ಲಿ ಶ್ರೇಷ್ಠ ಚೆಲುವಿದೆ ಎಂದು ಸಾರಿ, 1925ರಲ್ಲಿ ಗೆಳೆಯರಾದ ಹಮಾದಾ ಶೋಜಿ, ಕವಾಯಿ ಕಂಜಿರೊ ಅವರೊಡನೆ 'ಮಿಂಗೆಯ್' ಎಂಬ ಪದವನ್ನು ಟಂಕಿಸಿದವನು ಅವನು. ಜನರ ಕಲೆ ಎಂದು ಅದರ ಅರ್ಥ. 1936ರಲ್ಲಿ ಟೋಕಿಯೊದಲ್ಲಿ ಇಂಥ ವಸ್ತುಗಳ ಸಂಗ್ರಹಾಲಯವನ್ನು ತೆರೆದ. ಅದಕ್ಕೂ ಮೊದಲೇ, 1924ರಲ್ಲಿ, ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದ ರಾಜಧಾನಿಯಲ್ಲಿ ಕೊರಿಯನ್ನರ ಕೈಕೆಲಸಕ್ಕಾಗಿಯೇ ಒಂದು ಸಂಗ್ರಹಾಲಯವನ್ನು ನಿಲ್ಲಿಸಿದ್ದ. ಅರಮನೆಯ ಹೆಬ್ಬಾಗಿಲನ್ನು ಕೆಡವಲು ತನ್ನ ಸರ್ಕಾರವೇ ಹೊರಟಾಗ 1922ರಲ್ಲಿ ಅದರ ವಿರುದ್ಧ ಬರೆದಿದ್ದ. ಅವನು ಕೊರಿಯಾದ ಕಲೆಯನ್ನು ದುಃಖದ ಚೆಲುವು ಎಂದದ್ದು ಅನೇಕ ಕೊರಿಯನ್ನರಿಗೆ ಹಿಡಿಸಲಿಲ್ಲ. ದುಃಖ ಕೊಟ್ಟವರು ದುಃಖವನ್ನು ಚೆಲುವೆಂದು ಹೊಗಳುವುದೆಂದರೇನು ಎಂಬ ಅವರ ಆಕ್ಷೇಪಣೆ ನ್ಯಾಯವಾದದ್ದೇ. ಆದರೂ ಆ ಕಾಲದಲ್ಲಿ ಅಷ್ಟು ಹೇಳುವ ಎದೆ ಎಷ್ಟು ಜನಕ್ಕಿತ್ತು?

ಬಂದದ್ದು ಹೇಗಾದರೂ ಆಗಲಿ, ಊರಿ ನಿಲ್ಲುವುದು ಸುಲಭವಲ್ಲ. ನೋಟೊ ಪರ್ಯಾಯದ್ವೀಪದ ವಾಜಿಮಾ ಪಟ್ಟಣದವರು ಬಟ್ಟಲಿನ ಅಂಚಿಗೆ ಬಟ್ಟೆ ಅಂಟಿಸಿ, ತಮ್ಮ ಊರಿನದೇ ಒಂದು ಬಗೆಯ ಮಣ್ಣನ್ನು ಸುಟ್ಟು ಪುಡಿಮಾಡಿ ಉರುಷಿಯಲ್ಲಿ ಕಲಸಿ ಬಳಿಯುತ್ತಾರೆ. ಅದರಿಂದಲೇ ಅವರ ಪಾತ್ರೆಗೆ ಆ ಗಟ್ಟಿತನ. ಒಂದು ಬಟ್ಟಲು ನೂರಕ್ಕೂ ಹೆಚ್ಚು ಹಂತಗಳನ್ನು ಹಾಯ್ದು ಬರುತ್ತದೆ. ಮರ ಕಡೆಯುವವನು ಒಬ್ಬ, ಬಳಿಯುವವನು ಒಬ್ಬ, ಉಜ್ಜುವವನು ಒಬ್ಬ, ಚಿನ್ನದ ಚಿತ್ರ ಬರೆಯುವವನು ಇನ್ನೊಬ್ಬ. 2024ರ ಜನವರಿ 1ರಂದು, ಹೊಸವರ್ಷದ ಹಬ್ಬದ ದಿನವೇ, 7.6 ಪ್ರಮಾಣದ ಭೂಕಂಪ ಆ ಪಟ್ಟಣವನ್ನು ನೆಲಕ್ಕೆ ಕೆಡವಿತು. ಹೆಸರಾಂತ ಮುಂಜಾನೆ ಸಂತೆಯ ಬೀದಿ ಸುಟ್ಟು ಬೂದಿಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಳೆಯ ಪ್ರವಾಹ. ಕೊಂಡಿಯಲ್ಲಿ ಒಬ್ಬನ ಮನೆ ಬಿದ್ದರೂ ಉಳಿದವರ ಕೈ ಕಟ್ಟಿದಂತೆಯೇ. ಆದರೂ ತಾತ್ಕಾಲಿಕ ಕೊಟ್ಟಿಗೆಗಳಲ್ಲಿ ಕುಳಿತು ಅವರು ಮತ್ತೆ ಕುಂಚ ಹಿಡಿದರು. ಕಾನೂನಿನ ಪಟ್ಟಿಯಲ್ಲಿರುವ 'ನೂರು ವರ್ಷದ ಪರಂಪರೆ' ಎಂಬ ಒಣ ಮಾತಿನ ಒಳಗೆ ಇರುವುದು ಇದು: ಬಿದ್ದಲ್ಲೇ ಎದ್ದು ಕೂರುವ ಛಲ.

ಕೊನೆಗೊಂದು ಸಂಗತಿ. 1998ಕ್ಕೆ ನಯೆಶಿರೊಗವಾದ ಕುಂಬಾರರು ಬಂದು 400 ವರ್ಷ ತುಂಬಿತು. ಅವರ ಪೂರ್ವಜರನ್ನು ಸೆರೆಹಿಡಿದದ್ದು ಕೊರಿಯಾದ ನಾಮ್‌ವೊನ್ ಎಂಬ ಊರಿನಲ್ಲಿ. ಹದಿನಾಲ್ಕನೆಯ ಚಿನ್ ಜುಕನ್ ಅವರ ಮುಂದಾಳುತನದಲ್ಲಿ, ನಾಮ್‌ವೊನ್‌ನಲ್ಲಿ ಹೊತ್ತಿಸಿದ ಬೆಂಕಿಯನ್ನು ಕಡಲು ದಾಟಿಸಿ ಮಿಯಾಮಾದ ಆವಿಗೆಗೆ ತಂದರು. ಈ ಸಲ ಮಣ್ಣು ಜಪಾನಿನದು, ಕೈ ಜಪಾನಿನದು. ಬೆಂಕಿ ಮಾತ್ರ ಕೊರಿಯಾದ್ದು. ನಾನೂರು ವರ್ಷಗಳ ಹಿಂದಿನ ಲೆಕ್ಕವನ್ನು ಕುಂಬಾರರು ಹೀಗೆ ಕುಂಬಾರರ ಭಾಷೆಯಲ್ಲಿಯೇ ತಿರುವಿ ಬರೆದರು. ಯಾವ ರಾಜ್ಯವೂ ಕೇಳದ ಕ್ಷಮೆ, ಯಾವ ಒಪ್ಪಂದದಲ್ಲಿಯೂ ಇಲ್ಲದ ನೆನಪು ಆ ಒಂದು ಕೊಳ್ಳಿಯಲ್ಲಿತ್ತು.

ಗಿಲಕಿ ಈಗ ತಂಗಿಯ ಮನೆಯಲ್ಲಿದೆ. ಮಗು ಅದನ್ನು ಕಚ್ಚಿ ಕಚ್ಚಿ ಬಣ್ಣದ ಮೇಲೆ ಹಲ್ಲಿನ ಗುರುತು ಮೂಡಿಸಿದ್ದಾನೆ. ಇದು ಎಲ್ಲಿಯದು ಎಂದು ಅವನು ಮುಂದೊಂದು ದಿನ ಕೇಳಿದರೆ, ಚನ್ನಪಟ್ಟಣದ್ದು ಮಗು ಎಂದೇ ಹೇಳುತ್ತೇನೆ. ಆಮೇಲೆ ಅವನಿಗೆ ಕೇಳುವ ತಾಳ್ಮೆ ಇದ್ದರೆ, ಕಡಲಾಚೆಗೆ ಹೋಗಿ ಕಲಿತುಬಂದ ಬಾವಾಸ್ ಮಿಯಾನರ ಹೆಸರನ್ನೂ ಹೇಳುತ್ತೇನೆ.